ಬೊಹ್ದಾನಾ ಮಾತ್ಸೋತ್ಸ್ಕಾ: ಇಪ್ಪತ್ತೇಳನೆಯ ಸ್ಥಾನ ಮತ್ತು ಇಳಿಯದೆ ಬಿಟ್ಟ ಸ್ಲಾಲಮ್

ಪ್ರಶ್ನೆ: 2014ರ ಸೋಚಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಉಕ್ರೇನಿನ ಆಲ್ಪೈನ್ ಸ್ಕೀ ಓಟಗಾರ್ತಿ ಬೊಹ್ದಾನಾ ಮಾತ್ಸೋತ್ಸ್ಕಾ ಅವರು ತಮ್ಮ ದೇಶದಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಪ್ರತಿಭಟಿಸಿ ಸ್ಪರ್ಧೆಯಿಂದ ಹಿಂದೆ ಸರಿದರೆಂದು ಓದಿದ್ದೇನೆ. ಅದಕ್ಕೆ ಮುಂಚೆ ಅದೇ ಕೂಟದಲ್ಲಿ ಅವರಿಗೆ ದೊರೆತದ್ದು 27 ಮತ್ತು 43ನೆಯ ಸ್ಥಾನಗಳು. ಇಂಥ ಫಲಿತಾಂಶಗಳನ್ನು ಹೇಗೆ ಅಳೆಯಬೇಕು? ಬೆಟ್ಟವೂ ಹಿಮವೂ ಇರುವ ಉಕ್ರೇನಿಗೆ ಆಲ್ಪೈನ್ ಸ್ಕೀಯಲ್ಲಿ ಒಲಿಂಪಿಕ್ ಪದಕ ಏಕೆ ಬಂದಿಲ್ಲ? ಪದಕದ ನಿರೀಕ್ಷೆಯಿಲ್ಲದ ಸ್ಪರ್ಧಿಯೊಬ್ಬರು ಕೊನೆಯ ಓಟವನ್ನು ಬಿಟ್ಟುಕೊಟ್ಟರೆ ಅದನ್ನು ತ್ಯಾಗ ಎನ್ನಬಹುದೇ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕೊನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲೆರಡಕ್ಕೆ ಉತ್ತರ ಸಿಗಲೇಬೇಕು. ಸ್ಪರ್ಧಿಯೊಬ್ಬರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ತಿಳಿಯಲು ಅವರು ಅದನ್ನು ಹೇಗೆ ಗಳಿಸಿದ್ದರು ಎಂಬುದು ಗೊತ್ತಿರಬೇಕು. ಆಲ್ಪೈನ್ ಸ್ಕೀಯಲ್ಲಂತೂ ಒಲಿಂಪಿಕ್ಸ್‌ನ ಆರಂಭದ ಗೇಟಿನಲ್ಲಿ ನಿಲ್ಲುವ ಹಕ್ಕನ್ನು ಸಂಪಾದಿಸುವುದೇ ವರ್ಷಗಟ್ಟಲೆ ನಡೆಯುವ ಲೆಕ್ಕಾಚಾರ, ಅಲೆದಾಟ ಮತ್ತು ವೆಚ್ಚದ ಕೆಲಸ. ದೂರದರ್ಶನದಲ್ಲಿ ಒಂದು ನಿಮಿಷದ ಓಟವನ್ನಷ್ಟೇ ನೋಡುವವರಿಗೆ ಇದರ ಅಂದಾಜು ಸಿಗುವುದು ಕಷ್ಟ.

ಮಾತ್ಸೋತ್ಸ್ಕಾ ಹುಟ್ಟಿದ್ದು 1989ರ ಆಗಸ್ಟ್ 27ರಂದು, ಪಶ್ಚಿಮ ಉಕ್ರೇನಿನ ಇವಾನೊ-ಫ್ರಾಂಕಿವ್‌ಸ್ಕ್ ಪ್ರಾಂತ್ಯದ ಕೋಸಿವ್ ಎಂಬ ಸಣ್ಣ ಪಟ್ಟಣದಲ್ಲಿ. ಕಾರ್ಪೇಥಿಯನ್ ಪರ್ವತಗಳ ತಪ್ಪಲಿನಲ್ಲಿರುವ ಈ ಊರು ಹುತ್ಸುಲ್ ಜನರ ಕಸುಬುಗಳಿಗೆ, ಅದರಲ್ಲೂ ಹಸಿರು, ಹಳದಿ, ಕಂದು ಬಣ್ಣಗಳ ಚಿತ್ತಾರವಿರುವ ಮಣ್ಣಿನ ಪಾತ್ರೆಗಳಿಗೆ ಹೆಸರಾದದ್ದು. ಆ ಕುಂಬಾರಿಕೆಯನ್ನು 2019ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ತರಬೇತುದಾರರು ಅವರ ತಂದೆ ಒಲೆಹ್ ಮಾತ್ಸೋತ್ಸ್ಕಿ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಹೋದಾಗ ಆಕೆಗೆ ಇಪ್ಪತ್ತು ವರ್ಷ, ಸೋಚಿಯಲ್ಲಿ ಇಪ್ಪತ್ತನಾಲ್ಕು. ಸೋಚಿಯಲ್ಲಿ ಉಕ್ರೇನಿನ ಆಲ್ಪೈನ್ ತಂಡವೆಂದರೆ ಇಬ್ಬರೇ: ಮಹಿಳೆಯರಲ್ಲಿ ಈಕೆ, ಪುರುಷರಲ್ಲಿ ದ್ಮಿತ್ರೊ ಮಿತ್ಸಾಕ್. ಆಸ್ಟ್ರಿಯಾ ಅಥವಾ ಸ್ವಿಟ್ಜರ್ಲೆಂಡಿನಂಥ ದೇಶಗಳಲ್ಲಿ ಒಲಿಂಪಿಕ್ಸ್‌ಗೆ ಯಾರನ್ನು ಬಿಡಬೇಕೆಂಬುದೇ ಆಯ್ಕೆದಾರರ ತಲೆನೋವಾಗಿದ್ದರೆ, ಉಕ್ರೇನಿನಲ್ಲಿ ಅರ್ಹತೆಯ ಗೆರೆ ದಾಟಿದವರು ಸಿಗುವುದೇ ದೊಡ್ಡದು.

ಬೆಟ್ಟ ಮತ್ತು ಹಿಮದ ಮಾತಿಗೆ ಬರೋಣ. ಉಕ್ರೇನಿನ ಅತಿ ಎತ್ತರದ ಶಿಖರ ಹೊವೆರ್ಲಾ 2061 ಮೀಟರ್ ಇದೆ. ದೇಶದ ಅತಿ ದೊಡ್ಡ ಸ್ಕೀ ಕೇಂದ್ರವಾದ ಬುಕೊವೆಲ್‌ನ ಇಳಿಜಾರುಗಳು ಸುಮಾರು 900 ಮೀಟರ್ ಎತ್ತರದಿಂದ 1370 ಮೀಟರ್‌ವರೆಗೆ ಮಾತ್ರ ಏರುತ್ತವೆ. ಅದು ತಲೆಯೆತ್ತಿದ್ದೂ ಈ ಶತಮಾನದ ಆರಂಭದಲ್ಲಿಯೇ. ಅದಕ್ಕಿಂತ ಹಳೆಯದಾದ, ಲ್ವಿವ್ ಪ್ರಾಂತ್ಯದ ಸ್ಲಾವ್‌ಸ್ಕೆಯ ಬೆಟ್ಟಗಳೂ ಇಷ್ಟೇ ಎತ್ತರದವು. ವಿಹಾರಕ್ಕೆ ಬಂದವರು ಖುಷಿಯಿಂದ ಜಾರಲು, ಮಕ್ಕಳು ಸ್ಕೀ ಕಲಿಯಲು ಇಷ್ಟು ಧಾರಾಳವಾಗಿ ಸಾಕು. ಆದರೆ ಸ್ಪರ್ಧೆಯ ಅಗತ್ಯ ಬೇರೆ. ಆಲ್ಪೈನ್ ಸ್ಕೀಯಲ್ಲಿ ಒಂದು ಇಳಿಜಾರಿನ ಯೋಗ್ಯತೆಯನ್ನು ಅಳೆಯುವುದು ಆರಂಭದಿಂದ ಕೊನೆಯವರೆಗೆ ಅದು ಎಷ್ಟು ಮೀಟರ್ ಕೆಳಗಿಳಿಯುತ್ತದೆ ಎಂಬುದರಿಂದ. ಎಲ್ಲ ಬಗೆಯ ಸ್ಪರ್ಧೆಯಲ್ಲೂ ಹಾದಿಯಲ್ಲಿ ನೆಟ್ಟ ಗೇಟುಗಳ ನಡುವೆ ಹಾದು ಇಳಿಯಬೇಕು; ಸ್ಲಾಲಮ್‌ನಲ್ಲಿ ತಿರುವುಗಳು ಅತಿ ಬಿಗಿ, ಜೈಂಟ್ ಸ್ಲಾಲಮ್, ಸೂಪರ್-ಜಿ, ಡೌನ್‌ಹಿಲ್ ಎಂದು ಸಾಗಿದಂತೆ ತಿರುವು ಸಡಿಲ, ವೇಗ ಹೆಚ್ಚು. ಮಹಿಳೆಯರ ಸ್ಲಾಲಮ್‌ಗೆ ಇನ್ನೂರು ಮೀಟರಿನ ಆಸುಪಾಸಿನ ಇಳಿತ ಸಾಕು. ಒಲಿಂಪಿಕ್ ಮಟ್ಟದ ಜೈಂಟ್ ಸ್ಲಾಲಮ್‌ಗೆ 300ರಿಂದ 400, ಸೂಪರ್-ಜಿಗೆ 400ರಿಂದ 600, ಡೌನ್‌ಹಿಲ್‌ಗೆ 450ರಿಂದ 800 ಮೀಟರ್ ಇಳಿತವಿರಬೇಕು. ಬುಕೊವೆಲ್‌ನ ನೆತ್ತಿಯಿಂದ ಬುಡದವರೆಗಿನ ಒಟ್ಟು ಇಳಿತವೇ ಈ ವೇಗದ ಸ್ಪರ್ಧೆಗಳ ಕೆಳಮಿತಿಯ ಹತ್ತಿರದಲ್ಲಿದೆ. ಅದರ ಮೇಲೆ ಹಾದಿಯ ಅಗಲ, ಸುರಕ್ಷತಾ ಬಲೆಗಳು, ಗಟ್ಟಿ ಮಂಜಿನ ಮೇಲ್ಮೈ ಇವೆಲ್ಲವೂ ಬೇಕು. ಸ್ಪರ್ಧೆಯ ಹಾದಿಯನ್ನು ಮೆತ್ತನೆಯ ಹಿಮದಲ್ಲಿ ಬಿಡುವುದಿಲ್ಲ. ನೀರುಣಿಸಿ ಹೆಪ್ಪುಗಟ್ಟಿಸಿ, ಹಲವಾರು ಸ್ಪರ್ಧಿಗಳು ಹಾದುಹೋದರೂ ಕುಸಿಯದಂತೆ ಸಿದ್ಧಪಡಿಸುತ್ತಾರೆ. ಅಂಥ ಮೇಲ್ಮೈಯ ಮೇಲೆ ಸ್ಕೀಯ ಉಕ್ಕಿನ ಅಂಚನ್ನು ಊರಿ ತಿರುಗುವ ಅಭ್ಯಾಸ ಮೆತ್ತನೆಯ ಹಿಮದಲ್ಲಿ ಎಷ್ಟು ವರ್ಷ ಜಾರಿದರೂ ಬರುವುದಿಲ್ಲ.

ಋತುವಿನ ಪ್ರಶ್ನೆಯೂ ಇದೆ. ವಿಶ್ವಕಪ್ ಋತು ಆರಂಭವಾಗುವುದು ಅಕ್ಟೋಬರ್ ಕೊನೆಯಲ್ಲಿ, ಆಸ್ಟ್ರಿಯಾದ ಸೋಲ್ಡನ್ ಹಿಮನದಿಯ ಮೇಲೆ. ಆ ಹೊತ್ತಿಗೆ ಕಾರ್ಪೇಥಿಯನ್ ಬೆಟ್ಟಗಳಲ್ಲಿ ನಂಬಬಹುದಾದ ಹಿಮವೇ ಇರುವುದಿಲ್ಲ, ಮೂರು ಸಾವಿರ ಮೀಟರ್ ಎತ್ತರದ ಹಿಮನದಿಗಳು ಅಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಗಂಭೀರವಾಗಿ ಸ್ಪರ್ಧಿಸಬಯಸುವ ಉಕ್ರೇನಿನ ಓಟಗಾರರು ಬೇಸಿಗೆ ಮತ್ತು ಶರತ್ಕಾಲದ ತರಬೇತಿಗೆ ಆಲ್ಪ್ಸ್‌ನ ಹಿಮನದಿಗಳಿಗೆ ಹೋಗಬೇಕು. ಅನುಕೂಲವಿದ್ದವರು ಆಗಸ್ಟ್ ತಿಂಗಳಲ್ಲಿ ಚಿಲಿ, ಅರ್ಜೆಂಟೀನಾ ಅಥವಾ ನ್ಯೂಜಿಲೆಂಡಿಗೂ ಹೋಗುತ್ತಾರೆ. ಲಿಫ್ಟ್‌ನ ಚೀಟಿ, ಗೇಟುಗಳನ್ನು ನೆಡಲು ಬಾಡಿಗೆಗೆ ಪಡೆಯುವ ಹಾದಿ, ವಸತಿ, ಪ್ರಯಾಣ ಎಲ್ಲಕ್ಕೂ ವಿದೇಶಿ ಹಣ ಬೇಕು. ಸಲಕರಣೆಯ ಖರ್ಚು ಬೇರೆ. ಸ್ಲಾಲಮ್‌ಗೆ ಮಹಿಳೆಯರು ಬಳಸುವ ಸ್ಕೀಯ ಕನಿಷ್ಠ ಉದ್ದ 155 ಸೆಂಟಿಮೀಟರ್, ಜೈಂಟ್ ಸ್ಲಾಲಮ್‌ಗೆ 188, ಸೂಪರ್-ಜಿಗೆ 205. ಒಂದರ ಕೆಲಸಕ್ಕೆ ಇನ್ನೊಂದು ಬರುವುದಿಲ್ಲ; ಪ್ರತಿ ಬಗೆಯಲ್ಲೂ ಅಭ್ಯಾಸಕ್ಕೊಂದು ಜೊತೆ, ಓಟಕ್ಕೊಂದು ಜೊತೆಯಾದರೂ ಇರಬೇಕು. ದೊಡ್ಡ ತಂಡಗಳಲ್ಲಿ ಸ್ಕೀಯ ಅಂಚು ಮಸೆದು, ಅಂದಿನ ಹಿಮದ ಉಷ್ಣತೆಗೆ ತಕ್ಕ ಮೇಣ ಹಚ್ಚಿ ಕೊಡಲು ಒಬ್ಬೊಬ್ಬ ಓಟಗಾರರಿಗೂ ಪ್ರತ್ಯೇಕ ತಂತ್ರಜ್ಞರಿರುತ್ತಾರೆ. ಸಣ್ಣ ತಂಡಗಳಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ತರಬೇತುದಾರರೇ ರಾತ್ರಿ ಕುಳಿತು ಮಾಡುತ್ತಾರೆ.

ತಂದೆಯೇ ತರಬೇತುದಾರರಾಗಿರುವುದು ಈ ಹಿನ್ನೆಲೆಯಲ್ಲಿ ಸಹಜವೆನ್ನಿಸುತ್ತದೆ. ಕ್ರೊಯೇಷಿಯಾದ ಯಾನಿತ್ಸಾ ಕೊಸ್ತೆಲಿಚ್ ಮತ್ತು ಅವರ ಸಹೋದರ ಇವಿತ್ಸಾ ಇಬ್ಬರನ್ನೂ ಬೆಳೆಸಿದವರು ಅವರ ತಂದೆ ಆಂತೆ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಯಾನಿತ್ಸಾ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಸಣ್ಣ ದೇಶದವರು ಹಿಂದುಳಿದಾಗಲೆಲ್ಲ ಈ ಉದಾಹರಣೆಯನ್ನು ಎತ್ತಿ ತೋರಿಸುವುದು ವಾಡಿಕೆಯಾಗಿಬಿಟ್ಟಿದೆ. ಆ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಅಸಾಧಾರಣ ಪ್ರತಿಭೆಯೊಂದು ಎಲ್ಲ ಅಡ್ಡಿಗಳನ್ನೂ ದಾಟಿತು ಎಂಬುದರಿಂದ ಅಡ್ಡಿಗಳು ಸಣ್ಣವಾಗುವುದಿಲ್ಲ. ಕೊಸ್ತೆಲಿಚ್ ಕುಟುಂಬವೂ ಅಭ್ಯಾಸಕ್ಕೆ ತನ್ನ ದೇಶವನ್ನು ಬಿಟ್ಟು ಆಲ್ಪ್ಸ್‌ಗೆ ಅಲೆಯಬೇಕಾಗಿತ್ತು.

ಇನ್ನು ಅರ್ಹತೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ 27 ಮತ್ತು 43 ಎಂಬ ಅಂಕಿಗಳ ನಿಜವಾದ ತೂಕ ಇಲ್ಲಿಯೇ ಅಡಗಿದೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು ಪ್ರತಿ ಓಟಗಾರರಿಗೂ ಪ್ರತಿ ಬಗೆಯ ಸ್ಪರ್ಧೆಯಲ್ಲೂ ಅಂಕ ಕೊಡುತ್ತದೆ. ಈ ಅಂಕ ಕಡಿಮೆಯಾದಷ್ಟೂ ಒಳ್ಳೆಯದು, ಜಗತ್ತಿನ ಅತ್ಯುತ್ತಮರದು ಸೊನ್ನೆಯ ಹತ್ತಿರ ಇರುತ್ತದೆ. ಒಂದು ಓಟದಲ್ಲಿ ನೀವು ಗೆದ್ದವರಿಗಿಂತ ಶೇಕಡಾ ಎಷ್ಟು ನಿಧಾನವಾಗಿದ್ದೀರಿ ಎಂಬುದನ್ನು ಆ ಬಗೆಯ ಸ್ಪರ್ಧೆಗೆ ಗೊತ್ತುಮಾಡಿದ ಒಂದು ಸ್ಥಿರಾಂಕದಿಂದ ಗುಣಿಸುತ್ತಾರೆ. ಇತ್ತೀಚಿನ ಹಲವು ಋತುಗಳಲ್ಲಿ ಆ ಸ್ಥಿರಾಂಕ ಸ್ಲಾಲಮ್‌ಗೆ 730, ಜೈಂಟ್ ಸ್ಲಾಲಮ್‌ಗೆ 1010. ಜೈಂಟ್ ಸ್ಲಾಲಮ್‌ನ ಎರಡು ಓಟಗಳನ್ನು ವಿಜೇತರು ಒಟ್ಟು 120 ಸೆಕೆಂಡಿನಲ್ಲಿ ಮುಗಿಸಿ, ನೀವು 126 ಸೆಕೆಂಡ್ ತೆಗೆದುಕೊಂಡಿರಿ ಎಂದಿಟ್ಟುಕೊಳ್ಳಿ. ನೀವು ಶೇಕಡಾ 5ರಷ್ಟು ನಿಧಾನ. 1010ರ ಶೇಕಡಾ 5 ಎಂದರೆ 50.5 ಅಂಕ.

ಲೆಕ್ಕ ಇಲ್ಲಿಗೆ ಮುಗಿದಿದ್ದರೆ ಎಲ್ಲರೂ ತಮ್ಮ ಊರಿನ ಬೆಟ್ಟದಲ್ಲೇ ಓಡಿ ಗೆದ್ದು ಸೊನ್ನೆ ಅಂಕ ಪಡೆಯಬಹುದಾಗಿತ್ತು. ಅದನ್ನು ತಡೆಯಲು ಆ ಅಂಕಕ್ಕೆ ಓಟದ ‘ಪೆನಾಲ್ಟಿ’ಯನ್ನು ಸೇರಿಸುತ್ತಾರೆ. ಓಟಕ್ಕೆ ನಿಂತವರಲ್ಲಿ ಉತ್ತಮ ಅಂಕವಿರುವ ಐವರನ್ನೂ, ಮೊದಲ ಹತ್ತು ಸ್ಥಾನ ಪಡೆದವರಲ್ಲಿ ಉತ್ತಮ ಅಂಕವಿರುವ ಐವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಇದನ್ನು ನಿರ್ಧರಿಸಲಾಗುತ್ತದೆ. ಬಲಿಷ್ಠ ಸ್ಪರ್ಧಿಗಳು ಬಂದ ಓಟದಲ್ಲಿ ಪೆನಾಲ್ಟಿ ಕಡಿಮೆ, ದುರ್ಬಲರೇ ಸೇರಿದ ಓಟದಲ್ಲಿ ಹೆಚ್ಚು. ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಶಿಪ್, ವಿಶ್ವಕಪ್‌ಗಳಲ್ಲಿ ಮಾತ್ರ ಅದು ಸೊನ್ನೆ. ಪರಿಣಾಮವೇನೆಂದರೆ, ಉಕ್ರೇನಿನ ಓಟಗಾರ್ತಿ ತನ್ನ ದೇಶದ ಚಾಂಪಿಯನ್‌ಶಿಪ್ ಗೆದ್ದರೂ ಒಳ್ಳೆಯ ಅಂಕ ಸಿಗುವುದಿಲ್ಲ. ಅದೇ ಓಟಗಾರ್ತಿ ಆಸ್ಟ್ರಿಯಾದ ಯಾವುದೋ ಸಣ್ಣ ಊರಿನ ಓಟದಲ್ಲಿ ಇಪ್ಪತ್ತನೆಯವಳಾದರೂ ಅಂಕ ಸುಧಾರಿಸಬಹುದು. ಅರ್ಹತೆಗೆ ಒಂದು ಒಳ್ಳೆಯ ದಿನ ಸಾಲದು, ಹಲವು ಉತ್ತಮ ಫಲಿತಾಂಶಗಳ ಸರಾಸರಿ ಬೇಕು. ಹಾಗಾಗಿ ಚಳಿಗಾಲವಿಡೀ ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ, ಬಲವಾದ ಸ್ಪರ್ಧಿಗಳು ಎಲ್ಲಿ ಸೇರುತ್ತಾರೋ ಅಲ್ಲಿಗೆ, ಕಾರಿನಲ್ಲಿ ಸ್ಕೀಗಳನ್ನು ತುಂಬಿಕೊಂಡು ಓಡಾಡುವುದೇ ಸಣ್ಣ ದೇಶದ ಓಟಗಾರರ ಪಾಡು.

ಸೋಚಿಯ ಕಾಲದ ನಿಯಮದಲ್ಲಿ ಎರಡು ಬಾಗಿಲುಗಳಿದ್ದವು. ಸ್ಲಾಲಮ್ ಅಥವಾ ಜೈಂಟ್ ಸ್ಲಾಲಮ್‌ನಲ್ಲಿ 140 ಅಂಕದೊಳಗಿರುವ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು ಯಾವ ದೇಶವಾದರೂ ಕಳುಹಿಸಬಹುದಾಗಿತ್ತು. ಭಾರತದ ಹಿಮಾಂಶು ಠಾಕೂರ್ ಅದೇ ಸೋಚಿಯಲ್ಲಿ ಪುರುಷರ ಜೈಂಟ್ ಸ್ಲಾಲಮ್‌ಗೆ ಇಳಿದು 72ನೆಯವರಾದರು; 2022ರ ಬೀಜಿಂಗ್‌ನಲ್ಲಿ ಗುಲ್ಮಾರ್ಗ್‌ನ ಆರಿಫ್ ಖಾನ್ ಅದೇ ಸ್ಪರ್ಧೆಯಲ್ಲಿ 45ನೆಯವರಾದರು. ನಮ್ಮ ಓದುಗರು ಈ ಹೆಸರುಗಳನ್ನು ಕೇಳಿರುತ್ತಾರೆ, ಆದ್ದರಿಂದ ಹೇಳಿದೆ. ಎರಡನೆಯ ಬಾಗಿಲು ಕಿರಿದಾದದ್ದು: ಸೂಪರ್-ಜಿಯಂಥ ವೇಗದ ಸ್ಪರ್ಧೆಗೆ ಇಳಿಯಬೇಕಾದರೆ ಆ ಬಗೆಯಲ್ಲಿ ವಿಶ್ವದ ಮೊದಲ 500ರೊಳಗಿದ್ದು, ಅಂಕವೂ ಗೊತ್ತುಮಾಡಿದ ಮಿತಿಯೊಳಗಿರಬೇಕಿತ್ತು. ಮಾತ್ಸೋತ್ಸ್ಕಾ ಸೂಪರ್-ಜಿಯಲ್ಲಿ ಓಡಿದ್ದಾರೆ ಎಂದ ಮೇಲೆ ಅವರು ರಿಯಾಯಿತಿಯ ಬಾಗಿಲಿನಿಂದ ಬಂದ ಅತಿಥಿಯಲ್ಲ. ವೇಗದ ಸ್ಪರ್ಧೆಯ ಅಭ್ಯಾಸಕ್ಕೆ ಅನುಕೂಲವಾದ ಬೆಟ್ಟವೇ ಇಲ್ಲದ ದೇಶದಿಂದ ಬಂದವರಿಗೆ ಇದು ಸುಲಭದ ಮಾತಲ್ಲ.

ಫೆಬ್ರವರಿ 15ರಂದು ಸೋಚಿ ಕೂಟದ ಸ್ಕೀ ತಾಣವಾದ ರೋಸಾ ಖುತೋರ್‌ನಲ್ಲಿ ನಡೆದ ಆ ಸೂಪರ್-ಜಿಯನ್ನು ನೋಡಿದವರು ಮರೆಯಲಾರರು. ಸೂಪರ್-ಜಿ ಒಂದೇ ಓಟದ ಸ್ಪರ್ಧೆ. ಡೌನ್‌ಹಿಲ್‌ನಲ್ಲಿರುವಂತೆ ಅಭ್ಯಾಸದ ಓಟಗಳಿಲ್ಲ. ಬೆಳಿಗ್ಗೆ ಹಾದಿಯ ಪಕ್ಕದಲ್ಲಿ ನಿಧಾನವಾಗಿ ಇಳಿಯುತ್ತ ಗೇಟುಗಳನ್ನು ನೋಡಿ ನೆನಪಿಟ್ಟುಕೊಳ್ಳುವುದಷ್ಟೇ ಸ್ಪರ್ಧಿಗಳಿಗೆ ಸಿಗುವ ಅವಕಾಶ. ಅಂದು ಹಾದಿಯಲ್ಲಿದ್ದ ಕೆಲವು ತಿರುವುಗಳು ಅಂದಾಜಿಗಿಂತ ಬಿಗಿಯಾಗಿದ್ದವು, ಬಿಸಿಲಿಗೆ ಹಿಮವೂ ಸಡಿಲವಾಗಿತ್ತು. ಮೊದಲು ಇಳಿದ ಘಟಾನುಘಟಿಗಳಲ್ಲಿ ಬಹುತೇಕರು ಗೇಟು ತಪ್ಪಿ ಹೊರಬಿದ್ದರು. ಆಸ್ಟ್ರಿಯಾದ ಆನಾ ಫೆನಿಂಗರ್ ಚಿನ್ನ ಗೆದ್ದರು, ಜರ್ಮನಿಯ ಮರಿಯಾ ಹ್ಯೋಫ್ಲ್-ರೀಶ್ ಬೆಳ್ಳಿ, ಆಸ್ಟ್ರಿಯಾದವರೇ ಆದ ನಿಕೋಲ್ ಹೋಸ್ಪ್ ಕಂಚು. ಮಾತ್ಸೋತ್ಸ್ಕಾ 27ನೆಯವರು. ಇಷ್ಟೊಂದು ಮಂದಿ ಹೊರಬಿದ್ದದ್ದರಿಂದ ಸ್ಥಾನ ಮೇಲೇರಿತು ಎಂದು ಯಾರಾದರೂ ಹೇಳಿದರೆ ಅದು ತಪ್ಪಲ್ಲ. ತಡವಾಗಿ ಇಳಿಯುವವರಿಗೆ ಮೇಲಿನವರ ತಪ್ಪುಗಳ ಸುದ್ದಿ ರೇಡಿಯೊದಲ್ಲಿ ಮುಂಚಿತವಾಗಿ ಸಿಗುತ್ತದೆ ಎಂಬುದೂ ನಿಜ. ಆದರೂ ಗೇಟು ತಪ್ಪದೆ ಗುರಿ ಮುಟ್ಟುವುದೇ ಈ ಆಟದ ಮೊದಲ ಷರತ್ತು. ಆ ದಿನ ಆ ಷರತ್ತನ್ನು ಪೂರೈಸಲಾಗದವರಲ್ಲಿ ವಿಶ್ವಕಪ್ ಓಟಗಳಲ್ಲಿ ಪಳಗಿದವರೇ ಇದ್ದರು. ಈ ಫಲಿತಾಂಶವನ್ನು ನಾನು ಗೌರವದಿಂದ ನೋಡುತ್ತೇನೆ.

ಜೈಂಟ್ ಸ್ಲಾಲಮ್ ನಡೆದದ್ದು ಫೆಬ್ರವರಿ 18ರಂದು, ಮಳೆ, ಹಸಿಹಿಮ ಮತ್ತು ಮಂಜಿನ ನಡುವೆ. ಸ್ಲೊವೇನಿಯಾದ ಟೀನಾ ಮಾಜೆ ಫೆನಿಂಗರ್ ಅವರನ್ನು ಸೆಕೆಂಡಿನ ನೂರನೆಯ ಏಳು ಭಾಗದಷ್ಟು ಅಂತರದಲ್ಲಿ ಹಿಂದಿಕ್ಕಿ ಗೆದ್ದರು. ಮಾತ್ಸೋತ್ಸ್ಕಾ 43ನೆಯವರಾದರು. ಇಂಥ ಸ್ಪರ್ಧೆಯಲ್ಲಿ ತಡವಾಗಿ ಇಳಿಯುವ ಹಿಂದಿನ ಸಂಖ್ಯೆಯವರ ಕಷ್ಟ ಸೂಪರ್-ಜಿಗಿಂತ ಬೇರೆ. ಮೊದಲ ಓಟದಲ್ಲಿ ಅತ್ಯುತ್ತಮ ಅಂಕವಿರುವ ಹದಿನೈದು ಮಂದಿ ಚೀಟಿ ಎತ್ತಿ ಮುಂದಿನ ಸಂಖ್ಯೆಗಳನ್ನು ಹಂಚಿಕೊಳ್ಳುತ್ತಾರೆ. ಉಳಿದವರು ಅಂಕದ ಕ್ರಮದಲ್ಲಿ ಅವರ ಹಿಂದೆ ನಿಲ್ಲುತ್ತಾರೆ. ಒಬ್ಬೊಬ್ಬರು ಹಾದುಹೋದಂತೆಲ್ಲ ಗೇಟುಗಳ ಸುತ್ತ ಹಿಮದಲ್ಲಿ ಕೊರಕಲು ಬೀಳುತ್ತದೆ. ಮಳೆಯಲ್ಲಿ ನೆನೆದ ಹಿಮದಲ್ಲಿ ಆ ಕೊರಕಲು ಇನ್ನೂ ಆಳ. ಹಿಂದಿನ ಸಂಖ್ಯೆಯವರು ತಾವು ಬಯಸಿದ ಗೆರೆಯಲ್ಲಿ ತಿರುಗಲಾರರು, ಕೊರಕಲು ಎತ್ತ ಎಳೆಯುತ್ತದೋ ಅತ್ತಲೇ ಸ್ಕೀ ಹೋಗುತ್ತದೆ. ಅಂಕ ಕಡಿಮೆಯಿರುವವರಿಗೆ ಒಳ್ಳೆಯ ಹಾದಿ, ಒಳ್ಳೆಯ ಹಾದಿಯಿಂದ ಮತ್ತೆ ಒಳ್ಳೆಯ ಅಂಕ. ಹಿಂದಿರುವವರು ಹಿಂದೆಯೇ ಉಳಿಯುವಂತೆ ಮಾಡುವ ಈ ಚಕ್ರವನ್ನು ಮುರಿಯುವುದು ಬಹಳ ಕಷ್ಟ. 43ನೆಯ ಸ್ಥಾನವನ್ನು ಮಹಾಸಾಧನೆ ಎಂದು ನಾನು ಹೇಳುವುದಿಲ್ಲ. ಅದು ಶ್ರದ್ಧೆಯ, ಮಧ್ಯಮ ಮಟ್ಟದ ಫಲಿತಾಂಶ. ಇಂಥ ಫಲಿತಾಂಶಗಳೇ ಅವರ ವೃತ್ತಿಜೀವನದ ಬೆನ್ನೆಲುಬು.

ಅಂದೇ ಕೀವ್ ನಗರ ಹೊತ್ತಿ ಉರಿಯಿತು. ಯುರೋಪಿಯನ್ ಒಕ್ಕೂಟದೊಂದಿಗಿನ ಒಪ್ಪಂದಕ್ಕೆ ಸಹಿ ಹಾಕುವುದನ್ನು ಅಧ್ಯಕ್ಷ ವಿಕ್ಟರ್ ಯಾನುಕೊವಿಚ್ 2013ರ ನವೆಂಬರ್‌ನಲ್ಲಿ ತಡೆಹಿಡಿದಾಗಿನಿಂದ ಮೈದಾನ್ ಚೌಕದಲ್ಲಿ ಜನ ನೆರೆದಿದ್ದರು. ಫೆಬ್ರವರಿ 18ರಂದು ಸಂಸತ್ತಿನತ್ತ ಹೊರಟ ಮೆರವಣಿಗೆ ಘರ್ಷಣೆಗೆ ತಿರುಗಿ, ಒಂದು ದಿನದೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 20ರಂದು ಹತ್ತಾರು ಮಂದಿ ಗುಂಡಿಗೆ ಬಲಿಯಾದರು. ಮಹಿಳೆಯರ ಸ್ಲಾಲಮ್ ಇದ್ದದ್ದು 21ರಂದು. ಅದಕ್ಕೆ ಒಂದೆರಡು ದಿನ ಮುಂಚೆ ತಂದೆ ಒಲೆಹ್ ಫೇಸ್‌ಬುಕ್‌ನಲ್ಲಿ ಹೇಳಿಕೆ ಹಾಕಿದರು: ಪ್ರತಿಭಟನಕಾರರ ಮೇಲೆ ನಡೆದ ಕಾನೂನುಬಾಹಿರ ಕ್ರಮಗಳನ್ನೂ, ಅಧ್ಯಕ್ಷರು ಮತ್ತು ಅವರ ಸರ್ಕಾರದ ಹೊಣೆಗೇಡಿತನವನ್ನೂ ವಿರೋಧಿಸಿ, ತಾವಿಬ್ಬರೂ ಸೋಚಿಯಲ್ಲಿ ಮುಂದಿನ ಸ್ಪರ್ಧೆಯಲ್ಲಿ ಭಾಗವಹಿಸುವುದಿಲ್ಲ ಎಂಬುದು ಅದರ ಸಾರ. ತನ್ನ ದೇಶದಲ್ಲಿ ಜನ ಸಾಯುತ್ತಿರುವಾಗ ತಾನು ಸ್ಪರ್ಧಿಸಬಯಸುವುದಿಲ್ಲ ಎಂಬ ಅರ್ಥದ ಮಾತನ್ನು ಮಗಳು ಸುದ್ದಿಗಾರರಿಗೆ ಹೇಳಿದರು.

ಆ ದಿನಗಳಲ್ಲಿ ಉಕ್ರೇನ್ ತಂಡದ ಮುಂದಿದ್ದ ದಾರಿಗಳು ಕೆಲವೇ. ಒಲಿಂಪಿಕ್ ಸನ್ನದಿನ 50ನೆಯ ನಿಯಮ ಕ್ರೀಡಾಂಗಣದೊಳಗೆ ರಾಜಕೀಯ ಪ್ರದರ್ಶನವನ್ನು ನಿಷೇಧಿಸುತ್ತದೆ. ಸತ್ತವರ ನೆನಪಿಗೆ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಳ್ಳುವ ವಿಚಾರ ಬಂದಾಗ ಅದಕ್ಕೆ ಅವಕಾಶ ಸಿಗಲಿಲ್ಲವೆಂದು ಉಕ್ರೇನಿನ ಕಡೆಯವರು ಹೇಳಿದರು; ಮಾತುಕತೆಯ ಮೂಲಕ ಬೇರೆ ರೀತಿಯ ಗೌರವಾರ್ಪಣೆ ಸಾಕೆಂದು ಒಪ್ಪಿಕೊಳ್ಳಲಾಯಿತು ಎಂಬುದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವಿವರಣೆಯಾಗಿತ್ತು. ಪೋಲ್ ವಾಲ್ಟ್‌ನ ದಂತಕಥೆಯಾದ ಸೆರ್ಹಿ ಬುಬ್ಕಾ ಆಗ ಉಕ್ರೇನ್ ಒಲಿಂಪಿಕ್ ಸಮಿತಿಯ ಅಧ್ಯಕ್ಷರು. ತಂಡ ಒಲಿಂಪಿಕ್ ಗ್ರಾಮದಲ್ಲಿ ಮೌನಾಚರಣೆ ನಡೆಸಿತು. ಸ್ಪರ್ಧೆಗೆ ಇಳಿಯದಿರುವುದನ್ನು ಮಾತ್ರ ಯಾವ ನಿಯಮವೂ ತಡೆಯಲಾರದು. ಮಾತ್ಸೋತ್ಸ್ಕಾ ಆರಿಸಿಕೊಂಡದ್ದು ಆ ದಾರಿಯನ್ನು.

ಇತರರು ಬೇರೆ ದಾರಿ ಹಿಡಿದರು, ಅದನ್ನೂ ಹೇಳಬೇಕು. ಫೆಬ್ರವರಿ 21ರಂದೇ ವಿತಾ ಸೆಮೆರೆಂಕೊ, ಯುಲಿಯಾ ಜಿಮಾ, ವಾಲ್ಯಾ ಸೆಮೆರೆಂಕೊ, ಒಲೆನಾ ಪಿದ್‌ಹ್ರುಶ್ನಾ ಇವರ ತಂಡ ಸ್ಕೀ ಓಟವೂ ಬಂದೂಕಿನ ಗುರಿ ಹೊಡೆತವೂ ಸೇರಿದ ಬಯಾಥ್ಲಾನ್ ರಿಲೇಯಲ್ಲಿ ಚಿನ್ನ ಗೆದ್ದಿತು. 1994ರಲ್ಲಿ ಒಕ್ಸಾನಾ ಬಾಯುಲ್ ಫಿಗರ್ ಸ್ಕೇಟಿಂಗ್‌ನಲ್ಲಿ ಗೆದ್ದ ಮೇಲೆ ಚಳಿಗಾಲದ ಕ್ರೀಡೆಗಳಲ್ಲಿ ಉಕ್ರೇನಿಗೆ ಸಿಕ್ಕ ಮೊದಲ ಚಿನ್ನವದು. ಗೆದ್ದ ನಂತರ ಸುದ್ದಿಗೋಷ್ಠಿಯಲ್ಲಿ ಆ ತಂಡ ಸತ್ತವರಿಗಾಗಿ ಮೌನ ಆಚರಿಸುವಂತೆ ಕೇಳಿಕೊಂಡಿತು. ಮುಂದಿನ ತಿಂಗಳು, ಕ್ರಿಮಿಯಾದಲ್ಲಿ ರಷ್ಯದ ಪಡೆಗಳು ಹರಡಿಕೊಂಡ ಮೇಲೆ ನಡೆದ ಪ್ಯಾರಾಲಿಂಪಿಕ್ಸ್‌ನ ಉದ್ಘಾಟನೆಗೆ ಉಕ್ರೇನ್ ತಂಡ ಧ್ವಜ ಹಿಡಿದ ಮಿಖಾಯ್ಲೊ ತ್ಕಾಚೆಂಕೊ ಒಬ್ಬರನ್ನೇ ಕಳುಹಿಸಿ ತನ್ನ ವಿರೋಧ ತೋರಿಸಿತು. ಆಮೇಲೆ ಉಳಿದು ಸ್ಪರ್ಧಿಸಿ 25 ಪದಕ ಗೆದ್ದಿತು. ಉಳಿದವರದು ಸರಿ, ಹೊರಟವರದು ತಪ್ಪು ಎಂದಾಗಲಿ, ಅದರ ತಿರುವುಮುರುವಾಗಿ ಆಗಲಿ ತೀರ್ಪು ಕೊಡುವುದು ನನ್ನಿಂದಾಗದು. ಪದಕದ ವೇದಿಕೆ ಸಿಗುವ ಭರವಸೆಯಿದ್ದವರಿಗೆ ಅಲ್ಲಿಂದ ಮಾತಾಡುವ ಅವಕಾಶವಿತ್ತು. ನಲವತ್ತನೆಯ ಸ್ಥಾನದ ಆಸುಪಾಸಿನ ಓಟಗಾರ್ತಿಯ ಮುಂದೆ ಯಾರೂ ಮೈಕ್ ಹಿಡಿಯುವುದಿಲ್ಲ.

ಹಾಗಾದರೆ ಅದು ತ್ಯಾಗವೇ? ಪದಕದ ಆಸೆಯಿರಲಿಲ್ಲವಾದ್ದರಿಂದ ಕಳೆದುಕೊಳ್ಳುವುದೇನೂ ಇರಲಿಲ್ಲ ಎಂಬ ವಾದ, ಒಲಿಂಪಿಕ್ಸ್ ಎಂದರೆ ಪದಕ ಮಾತ್ರ ಎಂದು ಭಾವಿಸಿದವರದು. ಸೋಚಿಯ ಆಲ್ಪೈನ್ ಸ್ಪರ್ಧೆಗಳಿಗೆ ಬಂದಿದ್ದವರಲ್ಲಿ ಬಹುಪಾಲು ಮಂದಿಗೆ ಪದಕದ ಆಸೆಯಿರಲಿಲ್ಲ. ಅವರು ದುಡಿದದ್ದು ನಾಲ್ಕು ವರ್ಷಕ್ಕೊಮ್ಮೆ ಸಿಗುವ ಆ ಒಂದೆರಡು ನಿಮಿಷಗಳಿಗಾಗಿ. ಮೇಲೆ ಹೇಳಿದ ಅಂಕಗಳ ಬೆನ್ನಟ್ಟುವಿಕೆ, ಆಲ್ಪ್ಸ್‌ನ ಅಲೆದಾಟ, ಕುಟುಂಬದ ಶ್ರಮ ಎಲ್ಲವೂ ಆ ನಿಮಿಷಗಳಿಗೆ ಕೊಟ್ಟ ಬೆಲೆ. ವಿಶ್ವಕಪ್‌ನಲ್ಲಿ ಮೊದಲ ಓಟದ 30 ಮಂದಿಗೆ ಮಾತ್ರ ಎರಡನೆಯ ಓಟ ಸಿಗುತ್ತದೆ. ಒಲಿಂಪಿಕ್ಸ್‌ನಲ್ಲಿ ಮೊದಲ ಓಟ ಮುಗಿಸಿದವರಿಗೆಲ್ಲ ಎರಡನೆಯದೂ ಉಂಟು. ಹಾಗಾಗಿ ಹಿಂದಿನ ಸಂಖ್ಯೆಯವರ ಪಾಲಿಗೆ ಒಲಿಂಪಿಕ್ ಸ್ಲಾಲಮ್ ಎಂದರೆ ಜಗತ್ತಿನ ಅತ್ಯುತ್ತಮರು ಇಳಿದ ಹಾದಿಯಲ್ಲಿ ಎರಡು ಪೂರ್ಣ ಓಟಗಳು. ಅದು ವಿಶ್ವಕಪ್‌ನಲ್ಲಿ ಅವರಿಗೆ ಸಿಗುವುದಿಲ್ಲ. ಪದಕದ ಆಸೆಯಿದ್ದವರಿಗೆ ಮುಂದಿನ ವಾರವೇ ವಿಶ್ವಕಪ್ ಇದ್ದೀತು. ಸಣ್ಣ ದೇಶದವರಿಗೆ ಆ ದಿನವೇ ಎಲ್ಲವೂ. ಅದನ್ನು ಬಿಟ್ಟುಕೊಟ್ಟದ್ದನ್ನು ನಾನು ತ್ಯಾಗವೆಂದೇ ಕರೆಯುತ್ತೇನೆ. ಅವರು ಬಿಟ್ಟ ಆ ಸ್ಲಾಲಮ್‌ನಲ್ಲಿ ಅಮೆರಿಕದ ಮಿಕೆಲಾ ಶಿಫ್ರಿನ್ 18ನೆಯ ವಯಸ್ಸಿನಲ್ಲಿ ಗೆದ್ದು, ಒಲಿಂಪಿಕ್ ಸ್ಲಾಲಮ್‌ನ ಅತಿ ಕಿರಿಯ ವಿಜೇತೆಯಾದರು.

ಉಕ್ರೇನಿನ ಸ್ಕೀ ಲೋಕದ ಮುಂದಿನ ಕಥೆಯನ್ನೂ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಗೆ ಅದೂ ಉತ್ತರದ ಭಾಗ. 2022ರ ಚಳಿಗಾಲದ ಒಲಿಂಪಿಕ್ಸ್ ನಡೆಸಲು ಲ್ವಿವ್ ನಗರ ಬೇಡಿಕೆ ಸಲ್ಲಿಸಿತ್ತು. ಅದು ಫಲಿಸಿದ್ದರೆ ಕಾರ್ಪೇಥಿಯನ್ ಬೆಟ್ಟಗಳಲ್ಲಿ ಸ್ಪರ್ಧೆಗೆ ಒಪ್ಪುವ ಹಾದಿಗಳು ತಯಾರಾಗುತ್ತಿದ್ದವು. ದೇಶದ ಪರಿಸ್ಥಿತಿಯಿಂದಾಗಿ 2014ರ ಜೂನ್ ಕೊನೆಯಲ್ಲಿ ಆ ಬೇಡಿಕೆಯನ್ನು ಹಿಂತೆಗೆದುಕೊಳ್ಳಲಾಯಿತು. ಮುಂದಿನ ಪೀಳಿಗೆಯ ಇವಾನ್ ಕೊವ್‌ಬಾಸ್ನ್ಯುಕ್ 2018ರ ಪ್ಯೊಂಗ್‌ಚಾಂಗ್ ಮತ್ತು 2022ರ ಬೀಜಿಂಗ್ ಎರಡರಲ್ಲೂ ಸ್ಪರ್ಧಿಸಿದರು. ಬೀಜಿಂಗ್ ಕೂಟದಲ್ಲೇ ಜಾರುಬಂಡಿಯ ಮೇಲೆ ತಲೆ ಮುಂದಾಗಿ ಮಲಗಿ ಇಳಿಯುವ ಸ್ಕೆಲಿಟನ್ ಕ್ರೀಡೆಯ ಓಟಗಾರ ವ್ಲಾದಿಸ್ಲಾವ್ ಹೆರಾಸ್ಕೆವಿಚ್ ತಮ್ಮ ಓಟ ಮುಗಿಸಿ ಕ್ಯಾಮೆರಾದ ಮುಂದೆ ಉಕ್ರೇನಿನಲ್ಲಿ ಯುದ್ಧ ಬೇಡವೆಂಬ ಫಲಕ ಹಿಡಿದರು. ಕೂಟ ಮುಗಿದದ್ದು ಫೆಬ್ರವರಿ 20ರಂದು. 24ರಂದು ರಷ್ಯದ ಪೂರ್ಣ ಪ್ರಮಾಣದ ಆಕ್ರಮಣ ಆರಂಭವಾಯಿತು. ಆಮೇಲೆ ಉಕ್ರೇನಿನ ವಯಸ್ಕ ಪುರುಷ ಓಟಗಾರರು ಅಂಕ ಗಳಿಸಲು ವಿದೇಶಕ್ಕೆ ಹೋಗಬೇಕಾದರೆ ಗಡಿ ದಾಟಲು ಸರ್ಕಾರದ ಅನುಮತಿಯೂ ಬೇಕಾಯಿತು. ಹೊರಗಿನ ಹಿಮನದಿಗಳನ್ನೇ ನೆಚ್ಚಿಕೊಂಡ ಕ್ರೀಡೆಗೆ ಇದು ಎಂಥ ಹೊಡೆತವೆಂದು ಇಷ್ಟು ಹೊತ್ತಿಗೆ ನಿಮಗೆ ಅರ್ಥವಾಗಿರಬೇಕು.

ಇನ್ನು ಮುಂದೆ ಯಾವುದಾದರೂ ಆಲ್ಪೈನ್ ಸ್ಪರ್ಧೆಯ ಫಲಿತಾಂಶದ ಹಾಳೆಯನ್ನು ನೋಡುವಾಗ ಸ್ಥಾನದ ಜೊತೆಗೆ ಓಟಗಾರರ ಬಿಬ್ ಸಂಖ್ಯೆಯನ್ನೂ, ಅಂದರೆ ಇಳಿಯುವ ಕ್ರಮವನ್ನು ತೋರಿಸಲು ಅವರು ಎದೆಯ ಮೇಲೆ ಧರಿಸುವ ಸಂಖ್ಯೆಯನ್ನೂ ನೋಡಿ ಎಂದು ಸೂಚಿಸುತ್ತೇನೆ. ಅದು ಆ ಹಾಳೆಯಲ್ಲೇ ಅಚ್ಚಾಗಿರುತ್ತದೆ. 50ನೆಯ ಸಂಖ್ಯೆಯಲ್ಲಿ ಇಳಿದವರು 40ನೆಯವರಾಗಿದ್ದರೆ, ಮೇಲ್ನೋಟಕ್ಕೆ ಹಾಳಾದ ಹಾದಿಯಲ್ಲಿ ಹತ್ತು ಮಂದಿಯನ್ನು ದಾಟಿದ್ದಾರೆಂದು ಅರ್ಥ. ಅದರ ಜೊತೆಗೆ ಓಟ ಮುಗಿಸಲಾಗದವರ ಪಟ್ಟಿಯನ್ನೂ ಓದಿ, ಅದರಲ್ಲಿ ಎಷ್ಟು ಮಂದಿ ಮುಂದಿನ ಸಂಖ್ಯೆಯವರಿದ್ದರು ಎಂಬುದನ್ನು ಎಣಿಸಿ ನೋಡಿದರೆ, ದಾಟಿದ್ದು ಎಷ್ಟು, ಬಿದ್ದವರಿಂದ ಬಂದದ್ದು ಎಷ್ಟು ಎಂಬುದು ನಿಮಗೇ ತಿಳಿಯುತ್ತದೆ.